ಮರದ ದಿಂಬು

ಧಾರವಾಡದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರ ಮನೆಯ ಬಾಗಿಲನ್ನೂ ಬಡಿಯಬಾರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾಯ್ದೆಗಳಿಗಿಂತ ಇದೇ ಚೆನ್ನಾಗಿ ಪಾಲನೆಯಾಗುತ್ತದೆ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಮೇಲಷ್ಟು ಮೊಸರನ್ನ ಇಳಿದ ಮೇಲೆ ಊರಿಗೆ ಊರೇ ಅಡ್ಡಾಗುತ್ತದೆ. ಹುಬ್ಬಳ್ಳಿ ವ್ಯಾಪಾರದ ಊರು, ಅಲ್ಲಿಯವರಿಗೆ ನಿದ್ದೆಗೆಲ್ಲಿ ಪುರುಸೊತ್ತು ಎನ್ನುತ್ತಾರೆ. ನಂಬಬೇಡಿ. ಆ ಹೊತ್ತಿನಲ್ಲಿ ದುರ್ಗದಬೈಲಿನ ಕಡೆ ಒಂದು ಸುತ್ತು ಹಾಕಿ ಬನ್ನಿ. ಅರಿವೆ ಅಂಗಡಿಯ ಸಾಹುಕಾರರು ಥಾನಿನ ಮೇಲೆ, ಕಿರಾಣಿ ಅಂಗಡಿಯವರು ಬೆಲ್ಲದ ಪೆಂಟಿಗೆ ಒರಗಿ, ಪಾತ್ರೆ ಅಂಗಡಿಯ ಹುಡುಗ ಬೋರಲು ಹಾಕಿದ ಹಂಡೆಯ ಮೇಲೆ ಕೈ ಮಡಚಿಟ್ಟು, ಅದರ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿರುತ್ತಾರೆ.

ನನಗೆ ಮೊದಲಿನಿಂದಲೂ ಕುತೂಹಲ ಇದರ ಬಗ್ಗೆಯೇ. ಮನುಷ್ಯ ಮಲಗಿದ ಎನ್ನುವುದಕ್ಕಿಂತ, ತಲೆಯಡಿಗೆ ಏನಿಟ್ಟುಕೊಂಡು ಮಲಗಿದ ಎನ್ನುವುದರಲ್ಲೇ ಅವನ ಪೂರ್ತಿ ಜಾತಕ ಇರುತ್ತದೆ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಚೀಲದ ಮೂಲೆಯನ್ನು ಮುಷ್ಟಿಯಿಂದ ಎರಡು ಸಲ ಗುದ್ದಿ, ತಗ್ಗು ಮಾಡಿ, ಅದರಲ್ಲಿ ತಲೆ ಇಡುತ್ತಾರೆ. ಮೆಣಸಿನಕಾಯಿ ಚೀಲವಾದರೆ ಮುಖಕ್ಕೆ ಟವೆಲ್ಲು. ಮಾಲು ತಂದ ರೈತರು ಪಟಗಾ ಬಿಚ್ಚಿ ಸುತ್ತಿ ದಿಂಬು ಮಾಡಿಕೊಳ್ಳುತ್ತಾರೆ. ಹಗಲಿಗೆ ತಲೆಯ ಮೇಲೆ, ರಾತ್ರಿಗೆ ತಲೆಯ ಕೆಳಗೆ, ಒಂದೇ ಅರಿವೆಗೆ ಎರಡು ಪಾಳಿ. ನಮ್ಮ ಓಣಿಯ ವಕೀಲರೊಬ್ಬರು ರವಿವಾರ ಮಧ್ಯಾಹ್ನ ದಪ್ಪ ರಟ್ಟಿನ ಲಾ ರಿಪೋರ್ಟುಗಳೆರಡನ್ನು ಒಂದರ ಮೇಲೊಂದಿಟ್ಟು ಮಲಗುವವರು. 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದ ಮೇಲೆ ಇನ್ನೊಂದು ಸಂಪುಟ ಏರಿಸಿದರು. ಕೇಳಿದರೆ, "ಓದಿದ್ದು ಏನಿಲ್ಲಂದ್ರೂ ಒಂಚೂರು ಮ್ಯಾಲೆ ಏರತದ ಬಿಡ್ರಿ" ಅಂದರು.

ಇನ್ನು ನಮ್ಮ ಹುಬ್ಬಳ್ಳಿಯ ರೈಲು ನಿಲ್ದಾಣ. ಸಿದ್ಧಾರೂಢ ಸ್ವಾಮೀಜಿಯವರ ಹೆಸರಿನ ಈ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಉದ್ದನೆಯದು ಎಂದು ಗಿನ್ನೆಸ್‌ನವರು ಬರೆದುಕೊಟ್ಟಿದ್ದಾರೆ. ಎಂಜಿನಿಯರುಗಳ ಲೆಕ್ಕದಲ್ಲಿ ಅದು ಗಾಡಿ ನಿಲ್ಲುವ ಜಾಗ. ರಾತ್ರಿ ಹನ್ನೆರಡರ ಮೇಲೆ ಹೋಗಿ ನೋಡಿದವರ ಲೆಕ್ಕದಲ್ಲಿ ಅದು ಒಂದೂವರೆ ಕಿಲೋಮೀಟರ್ ಉದ್ದದ ಹಾಸಿಗೆ. ಸೂಟ್‌ಕೇಸು, ಅಕ್ಕಿ ಗಂಟು, ಚಪ್ಪಲಿ ಜೋಡಿ, ಮಡಚಿದ ಪೇಪರು, ಹೆಂಡತಿಯ ತೊಡೆ, ಮಗನ ಸ್ಕೂಲ್ ಬ್ಯಾಗು, ಹೀಗೆ ಎಷ್ಟು ತಲೆಯೋ ಅಷ್ಟು ದಿಂಬು. ಅಲ್ಲಿ ದಿಂಬಿನ ಮುಖ್ಯ ಕೆಲಸ ತಲೆಗೆ ಸುಖ ಕೊಡುವುದಲ್ಲ, ಕಳ್ಳನ ಕೈಯಿಂದ ಸಾಮಾನು ಕಾಯುವುದು. ಆದ್ದರಿಂದ ಗಂಟಿನಲ್ಲಿ ಯಾವುದು ಹೆಚ್ಚು ಬೆಲೆಯದೋ ಅದೇ ತಲೆಯಡಿಗೆ ಬರುತ್ತದೆ. ಬೆಲೆಯದು ಸಾಮಾನ್ಯವಾಗಿ ಗಟ್ಟಿಯೂ ಇರುತ್ತದೆ.

ನನ್ನ ಈ ಹುಚ್ಚು ನಮ್ಮ ಬಳಗಕ್ಕೆಲ್ಲ ಗೊತ್ತಿದ್ದುದರಿಂದಲೇ ಬೆಲ್ಜಿಯಮ್‌ನಲ್ಲಿ ನೌಕರಿ ಮಾಡುವ ನಮ್ಮ ಅಕ್ಕನ ಮಗ ಒಂದು ಫೋಟೊ ಕಳಿಸಿದ. ಬ್ರಸೆಲ್ಸ್ ಹತ್ತಿರದ ಟೆರ್ವುರೆನ್ ಎಂಬಲ್ಲಿ ಆಫ್ರಿಕಾಕ್ಕೆಂದೇ ದೊಡ್ಡ ಮ್ಯೂಸಿಯಮ್ ಇದೆ. ಅದನ್ನು ನೋಡಿ ಬಂದ ಹುಮ್ಮಸ್ಸು. ಫೋಟೊದಲ್ಲಿ ಒಂದು ಗೇಣೆತ್ತರದ ಕಟ್ಟಿಗೆಯ ಸಾಮಾನು. ಕೆಳಗೆ ಪೀಠ, ನಡುವೆ ಕೆತ್ತನೆಯ ಕಂಬ, ಮೇಲೆ ದೋಣಿಯ ಹಾಗೆ ತುಸು ಬಾಗಿದ ಹಲಗೆ. ಎಲ್ಲವೂ ಒಂದೇ ತುಂಡಿನದು, ಎಲ್ಲಿಯೂ ಮೊಳೆಯಿಲ್ಲ, ಜೋಡಣೆಯಿಲ್ಲ. ಹಲಗೆಯ ನಡುಭಾಗ ಎಣ್ಣೆ ಕುಡಿದು ಕರ್ರಗಾಗಿ ಹೊಳೆಯುತ್ತಿತ್ತು.

ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಕ್ಕ "ಶ್ಯಾವಿಗಿ ಮಣಿ ಮುರಿದದ್ದು ಇರಬೇಕು" ಅಂದಳು. ದೊಡ್ಡಮ್ಮನ ಪ್ರಕಾರ ಅದು ಬ್ಲೇಡು ಕಿತ್ತ ಈಳಗಿ. ಬಾಣಂತಿಗೆ ಎರೆಯುವಾಗ ಕೂಡ್ರಿಸುವ ಮಣಿ ಎಂದು ಇನ್ನೊಬ್ಬರು. "ಅಷ್ಟು ಸಣ್ಣ ಮಣಿ ಮ್ಯಾಲೆ ಯಾವ ಬಾಣಂತಿ ಕುಂದರತಾಳ" ಎಂದು ಅವರಿಗೆ ಮತ್ತೊಬ್ಬರು. ಕೊನೆಗೆ ಅಕ್ಕನ ಮಗನೇ ಬಿಡಿಸಿ ಹೇಳಿದ: ಇದು ಕಾಂಗೋ ದೇಶದ ಲುಲುವಾ ಜನರ ತಲೆದಿಂಬು. ಗುಂಪು ಒಂದು ನಿಮಿಷ ಮೌನ. ಆಮೇಲೆ ದೊಡ್ಡಮ್ಮ ಬರೆದರು: "ಪಾಪ, ಆ ದೇಶದಾಗ ಹತ್ತಿ ಬೆಳೆಯೂದಿಲ್ಲೇನು?"

ಹತ್ತಿಯ ಸೀಮೆಯವರು ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಎರೆಹೊಲಗಳ ಹತ್ತಿ ಒಂದು ಕಾಲಕ್ಕೆ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಬೆಳೆದವರು ನಾವು, ಹೆಸರು ಬಂದರಿಗೆ. 1861ರಿಂದ 1865ರವರೆಗೆ ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಹೊಲಗಳ ನೆನಪಾಗಿ ಇಲ್ಲಿ ಹತ್ತಿಯ ರೇಟು ಗಗನಕ್ಕೇರಿತ್ತು. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಸಂಕರಣ ತಳಿ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಆ ತಳಿ ದಕ್ಷಿಣದ ರೈತರ ಕೈಗೆ ನಾಲ್ಕು ಕಾಸು ತೋರಿಸಿತು. ರಾಷ್ಟ್ರಧ್ವಜ ಹೊಲಿದು ದೇಶಕ್ಕೆಲ್ಲ ಕಳಿಸುವ ಬೆಂಗೇರಿಯ ಖಾದಿ ಸಂಘವೂ ನಮ್ಮದೇ. ಇಂಥ ಕಡೆ ಹುಟ್ಟಿದವರಿಗೆ ಕಟ್ಟಿಗೆಯ ದಿಂಬು ಎಂದರೆ ಬಡತನವೋ ಶಿಕ್ಷೆಯೋ ಇರಬೇಕು ಅನ್ನಿಸುವುದು ಸಹಜ.

ಆದರೆ ಲುಲುವಾದವರದು ಬಡತನವಲ್ಲ, ಶೋಕಿ. ಕಾಂಗೋದ ನಡುಭಾಗದಲ್ಲಿ, ಕಸಾಯ್ ಸೀಮೆಯ ಲುಲುವಾ ನದಿಯ ಆಸುಪಾಸಿನಲ್ಲಿ ಇವರ ಊರುಗಳು. 1881ರಲ್ಲಿ ಪೋಗೆ ಮತ್ತು ವಿಸ್‌ಮನ್ ಎಂಬ ಜರ್ಮನ್ ಪ್ರವಾಸಿಗರು ಅಲ್ಲಿಗೆ ಹೋದಾಗ ಇವರು ಹಳೆಯ ತಾಯತ, ಮಂತ್ರದ ಬೊಂಬೆಗಳನ್ನು ಬದಿಗಿಟ್ಟು, ಕಲಂಬಾ ಎಂಬ ದೊರೆಯ ಕೆಳಗೆ ಸಾಮೂಹಿಕವಾಗಿ ಭಂಗಿ ಸೇದುವ ಹೊಸ ಪಂಥವನ್ನೇ ಹಿಡಿದಿದ್ದರಂತೆ. ಹಾಗಿದ್ದಾಗ ದಿಂಬು ಕಟ್ಟಿಗೆಯದಿದ್ದರೇನು, ಕಬ್ಬಿಣದ್ದಿದ್ದರೇನು ಎಂದು ನಮ್ಮ ಗುಂಪಿನಲ್ಲಿ ಒಬ್ಬರು ನಕ್ಕರು. ಗಿರಮಿಟ್ಟು ಮತ್ತು ಮಿರ್ಚಿಯಿಂದಲೇ ಅಷ್ಟು ನಿದ್ದೆ ಸಾಧಿಸುವವರು ಬೇರೆಯವರನ್ನು ನಗಬಾರದು.

ಶೋಕಿ ಅಂದೆನಲ್ಲ, ಅದು ಕೂದಲಿನ ಶೋಕಿ. ಲುಲುವಾದವರಿಗೆ ಚೆಲುವು ಎಂದರೆ ಬರೀ ಹೊರಗಿನ ಮಾತಲ್ಲ. ಮೈಯ ಒಪ್ಪ ಓರಣದಲ್ಲೇ ಮನುಷ್ಯನ ನಡತೆಯೂ ಕಾಣುತ್ತದೆ ಎಂಬ ನಂಬಿಕೆ. ಅವರು ಕೆತ್ತಿದ ಬೊಂಬೆಗಳನ್ನು ನೋಡಿದರೆ ಮುಖ, ಕೊರಳು, ಹೊಕ್ಕಳು ಎಲ್ಲ ಕಡೆ ಹಚ್ಚೆಯ ಗೀರುಗಳ ಸುರುಳಿ. ತಲೆಯ ಮೇಲೆ ಗೋಪುರದಂಥ ಕೂದಲ ಕಟ್ಟು. ನೆರೆಯ ಲೂಬಾ ಜನರಲ್ಲಂತೂ ಕೂದಲು ಕಟ್ಟುವುದೇ ದಿನಗಟ್ಟಲೆಯ ಕೆಲಸ, ಒಮ್ಮೆ ಕಟ್ಟಿದ್ದನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳುತ್ತಿದ್ದರು. ಅಂಥ ತಲೆಯನ್ನು ಮೆತ್ತನ್ನ ದಿಂಬಿನಲ್ಲಿ ಹೂತರೆ ಮುಂಜಾನೆಗೆ ಏನುಳಿದೀತು? ಅದಕ್ಕೇ ಈ ಕಟ್ಟಿಗೆ. ಇದು ತಲೆಯನ್ನು ಮುಟ್ಟುವುದೇ ಇಲ್ಲ. ಕಿವಿಯ ಕೆಳಗೆ, ಕುತ್ತಿಗೆಯನ್ನು ಹಿಡಿದು, ಕೂದಲನ್ನು ಗಾಳಿಯಲ್ಲಿ ತೇಲಿಬಿಡುತ್ತದೆ. ಲೂಬಾದವರಲ್ಲಿ ಹತ್ತೊಂಬತ್ತನೆಯ ಶತಮಾನದ ಒಬ್ಬ ಶಿಲ್ಪಿಯ ಕೆತ್ತನೆಯ ದಿಂಬುಗಳು ಕಲಾಲೋಕದಲ್ಲಿ ಬಹಳ ಪ್ರಸಿದ್ಧ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಜಲಪಾತದಂತೆ ಇಳಿಯುವ ಕೂದಲು ಕೆತ್ತುತ್ತಿದ್ದನಾದ್ದರಿಂದ ವಿದ್ವಾಂಸರು 'ಜಲಪಾತ ಕೇಶದ ಗುರು' ಎಂದು ಕರೆಯುತ್ತಾರೆ. ದಿಂಬನ್ನು ಹೊತ್ತಿರುವ ಬೊಂಬೆಗೇ ಅಂಥ ಕೂದಲು! ಬೊಂಬೆಯ ಕೂದಲು ಕೆಡುವ ಭಯವಿಲ್ಲ. ಅದರ ಮೇಲೆ ಮಲಗಿದವಳ ಕೂದಲು ಕೆಡದಂತೆ ನೋಡಿಕೊಳ್ಳುವುದೇ ಅದರ ನೌಕರಿ.

ಇದನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ಮಾವಶಿಯ ಮೊಗ್ಗಿನ ಜಡೆ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಮಲ್ಲಿಗೆ ಸೋವಿಯಾದಾಗ ಮನೆಯ ಹೆಣ್ಣುಮಕ್ಕಳನ್ನು ಕೂಡ್ರಿಸಿ, ಬಾಳೆಯ ಪಟ್ಟೆಯ ಮೇಲೆ ಬಿಗಿ ಮೊಗ್ಗುಗಳನ್ನು ಸಾಲಾಗಿ ಹೊಲಿದು, ಅದನ್ನು ಜಡೆಗೆ ಬಿಗಿದು, ತುದಿಗೆ ಗೊಂಡೆ ಕಟ್ಟುವುದು. ಹೊಲಿಯುವ ಅತ್ತೆ ಸಂಜೆಗೇ ಬಿಡುವಾಗಿರುತ್ತಿದ್ದಳು, ಫೋಟೊ ಸ್ಟುಡಿಯೊದವನು ಮುಂಜಾನೆಗೇ ಬಾಗಿಲು ತೆಗೆಯುತ್ತಿದ್ದ. ನಡುವಿನ ಒಂದು ರಾತ್ರಿಯನ್ನು ದಾಟಿಸುವುದೇ ಸಮಸ್ಯೆ. ಮಾವಶಿಗೆ ಆಗ ಹತ್ತೋ ಹನ್ನೊಂದೋ. ಬೋರಲು ಮಲಗೆಂದರೆ ಉಸಿರು ಕಟ್ಟುತ್ತದೆಂದು ಅಳು. ಗೋಡೆಗೆ ಒರಗಿ ಕೂಡು ಎಂದರೆ ತೂಕಡಿಸಿ ಪಕ್ಕಕ್ಕೆ ಉರುಳಾಟ. ಕೊನೆಗೆ ನಮ್ಮ ಅಜ್ಜಿ ಊಟದ ಮಣಿ ತಂದು, ಗೋಡೆಗೆ ಆನಿಸಿ ಓರೆಯಾಗಿ ನಿಲ್ಲಿಸಿ, ಅದರ ಅಂಚಿಗೆ ಹಳೆ ಇಳಕಲ್ಲ ಸೀರೆಯ ಮಡಿಕೆ ಇಟ್ಟು, ಅದರ ಮೇಲೆ ಹುಡುಗಿಯ ಕುತ್ತಿಗೆ ಇಟ್ಟಳಂತೆ. ಜಡೆ ಹಿಂದೆ ನೇತಾಡುತ್ತಿತ್ತು. ಹುಡುಗಿ ಸುಖವಾಗಿ ಮಲಗಿತು. ಲುಲುವಾದವರ ಹೆಸರನ್ನೂ ಕೇಳದ ಅಜ್ಜಿ ಅವರ ಅಷ್ಟೂ ವಿದ್ಯೆಯನ್ನು ಒಂದು ಮಣಿಯಿಂದ ಮಾಡಿ ಮುಗಿಸಿದ್ದಳು. ಮಲ್ಲಿಗೆಗೆ ಮಾತ್ರ ಈ ಏರ್ಪಾಟನ್ನು ಯಾರೂ ತಿಳಿಸಿರಲಿಲ್ಲ. ಅದು ತನ್ನ ಪದ್ಧತಿಯಂತೆ ರಾತ್ರಿಯೇ ಅರಳಿ ನಿಂತಿತ್ತು. ಸ್ಟುಡಿಯೊದ ಆ ಫೋಟೊ ಇಂದಿಗೂ ಮನೆಯಲ್ಲಿದೆ. ಹಿಂದಿನ ಕನ್ನಡಿಯಲ್ಲಿ ಜಡೆ ಪೂರ್ತಿ ಕಾಣುತ್ತದೆ. ಹೆಸರಿಗೆ ಮೊಗ್ಗಿನ ಜಡೆ, ಒಂದೂ ಮೊಗ್ಗಿಲ್ಲ.

ಅಂದಮೇಲೆ ಗಟ್ಟಿ ದಿಂಬು ಲುಲುವಾದವರೊಬ್ಬರದೇ ಹಟವಲ್ಲ. ಈಜಿಪ್ಟಿನ ತೂತನ್‌ಖಾಮನ್ ದೊರೆಯ ಗೋರಿ 1922ರಲ್ಲಿ ಸಿಕ್ಕಾಗ ಅದರಲ್ಲಿ ಬಂಗಾರದ ರಾಶಿಯ ಜೊತೆ ದಂತದ ತಲೆದಿಂಬೂ ಇತ್ತು. ಎರಡು ಸಿಂಹಗಳ ನಡುವೆ ಮೊಣಕಾಲೂರಿದ ವಾಯುದೇವತೆ ದೊರೆಯ ತಲೆಯನ್ನು ಎತ್ತಿ ಹಿಡಿದಂತೆ ಕೆತ್ತಿದ್ದಾರೆ. ಜಪಾನಿನ ಗೇಶಾಗಳು ಕೂದಲ ಕಟ್ಟು ಕೆಡದಿರಲೆಂದು ಪೆಟ್ಟಿಗೆಯಂಥ ಎತ್ತರದ ದಿಂಬಿಗೆ ಕುತ್ತಿಗೆ ಕೊಟ್ಟು ಮಲಗುತ್ತಿದ್ದರು. ಚೀನದವರದು ಪಿಂಗಾಣಿ ದಿಂಬು. ಕೀನ್ಯಾದ ತುರ್ಕಾನಾ ಗಂಡಸರು ಕೈಯಲ್ಲೇ ಹಿಡಿದು ತಿರುಗುವ ಪುಟ್ಟ ಕಟ್ಟಿಗೆ ಹಗಲು ಕೂಡ್ರಲು ಮಣೆ, ರಾತ್ರಿ ದಿಂಬು. ಜಿಂಬಾಬ್ವೆಯ ಶೋನಾ ಜನರಲ್ಲಿ ದಿಂಬಿಗೆ ತಲೆಕೊಟ್ಟವನು ನಿದ್ದೆಯಲ್ಲಿ ಹಿರಿಯರನ್ನು ಕಂಡು ಬರುತ್ತಾನೆಂದು ನಂಬಿಕೆ. ನಮ್ಮಲ್ಲಿ ಅಜ್ಜ ತಾನಾಗಿಯೇ ಕನಸಿನಲ್ಲಿ ಬಂದು ಹೊಲದ ಬದುವಿನ ತಂಟೆ ತೆಗೆಯುತ್ತಾನೆ. ಅದಕ್ಕೆ ಕೆತ್ತನೆಯ ದಿಂಬೇನೂ ಬೇಕಾಗಿಲ್ಲ.

ನಮ್ಮ ದೇಶದಲ್ಲಿ ಗಟ್ಟಿ ದಿಂಬು ವೈರಾಗ್ಯದ ಕಡೆಗೆ ಹೋಯಿತು. ಪುದುಕ್ಕೋಟೈ ಹತ್ತಿರದ ಸಿತ್ತನ್ನವಾಸಲ್ ಗವಿಯಲ್ಲಿ ಜೈನ ಮುನಿಗಳ ಕಲ್ಲುಹಾಸಿಗೆಗಳಿವೆ. ಬಂಡೆಯನ್ನು ಕಡೆದು ನುಣುಪು ಮಾಡಿ, ತಲೆಯ ಕಡೆಗೆ ಮಾತ್ರ ತುಸು ಉಬ್ಬು ಬಿಟ್ಟಿದ್ದಾರೆ. ಎಲ್ಲವನ್ನೂ ತೊರೆದವರೂ ದಿಂಬನ್ನು ಪೂರ್ತಿ ತೊರೆಯಲಿಲ್ಲ ಎನ್ನುವುದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ. ಗಟ್ಟಿ ದಿಂಬಿನ ಪರಮಾವಧಿಯೆಂದರೆ ಭೀಷ್ಮರದು. ಬಾಣಗಳ ಹಾಸಿಗೆಯಲ್ಲಿ ಮಲಗಿದ ಅಜ್ಜನ ತಲೆ ಜೋತಾಡುತ್ತಿತ್ತು, ದಿಂಬು ಬೇಕೆಂದ. ರಾಜರೆಲ್ಲ ಓಡಿಹೋಗಿ ಮೆತ್ತನೆಯ ದಿಂಬು ತಂದರು. ಅಜ್ಜ ನಕ್ಕು ಅವನ್ನು ತಳ್ಳಿ ಅರ್ಜುನನ ಮುಖ ನೋಡಿದ. ಅವನು ಮೂರು ಬಾಣ ನೆಟ್ಟು ತಲೆಯನ್ನು ಎತ್ತಿ ನಿಲ್ಲಿಸಿದ. ಹಾಸಿಗೆಗೆ ಒಪ್ಪುವ ದಿಂಬು ಎಂದರೆ ಅದು. ಭೀಷ್ಮಪರ್ವದ ಕಥೆಯನ್ನು ಕನ್ನಡಕ್ಕೆ ಕೊಟ್ಟ ಕುಮಾರವ್ಯಾಸ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನು, ಹತ್ತಿಯ ಎರೆಭೂಮಿಯವನು. ಮೆತ್ತನೆಯ ದಿಂಬು ತಂದವರ ಪೆಚ್ಚುಮೋರೆ ಅವನಿಗೆ ಚೆನ್ನಾಗಿ ಕಂಡಿರಬೇಕು.

ಹಾಗಂತ ಹತ್ತಿಯ ದಿಂಬನ್ನು ನಾನು ಹಗುರಾಗಿ ಕಾಣುವವನಲ್ಲ. ಸಣ್ಣವನಿದ್ದಾಗ ಬೇಸಿಗೆಯ ರಜೆ ಬಂತೆಂದು ನಮಗೆ ಗೊತ್ತಾಗುತ್ತಿದ್ದದ್ದೇ ನದಾಫ ಕಾಕಾನ ಬಿಲ್ಲಿನ ಸದ್ದಿನಿಂದ. ಆಳೆತ್ತರದ ಬಿಲ್ಲು ಹೆಗಲಿಗೆ ಹಾಕಿಕೊಂಡು, ಬೆರಳಿನಿಂದ ನರವನ್ನು ಮೀಟುತ್ತ ಓಣಿಯಲ್ಲಿ ಬರುತ್ತಿದ್ದ. ಗಾದಿ, ತಲೆದಿಂಬು ಎಲ್ಲ ಅಂಗಳಕ್ಕೆ. ಹೊಲಿಗೆ ಬಿಚ್ಚಿದರೆ ಒಳಗೆ ಗಂಟುಗಂಟಾದ, ಹಳದಿ ತಿರುಗಿದ ಅರಳೆ. ಬಿಲ್ಲನ್ನು ಅದರ ಮೇಲೆ ಅಡ್ಡ ತೂಗಿಬಿಟ್ಟು, ಗುಂಡುತಲೆಯ ಕೊಡತಿಯಿಂದ ನರಕ್ಕೆ ಹೊಡೆದನೆಂದರೆ ಟೊಂಯ್ ಟೊಂಯ್ ಎನ್ನುತ್ತ ಗಂಟುಗಳು ಬಿಚ್ಚಿ, ಅರಳೆ ಹಾರಿ, ನೋಡುತ್ತಿದ್ದ ಹಾಗೆ ಸಣ್ಣ ರಾಶಿ ಗುಡ್ಡವಾಗುತ್ತಿತ್ತು. ಕಸ ಕೆಳಗೆ, ಅರಳೆ ಮೇಲೆ. ಕೆಳಗೆ ಬಿದ್ದದ್ದರಲ್ಲಿ ನಮಗೆ ಪಾಲು: ಹಿಂದಿನ ವರ್ಷ ಕಳೆದ ಗುಂಡಿ, ಐದು ಪೈಸೆ, ಒಮ್ಮೆ ಅಜ್ಜನ ಹಲ್ಲುಸೆಟ್ಟಿನ ತುಂಡು. ಸಂಜೆಗೆ ದಿಂಬುಗಳು ಮದುವಣಿಗರಂತೆ ಉಬ್ಬಿ ಕೂತಿರುತ್ತಿದ್ದವು. ಅವುಗಳ ಮೇಲೆ ಕೂಡ್ರಲು ಹೋದರೆ ಅಜ್ಜಿಯ ಗದರಿಕೆ: "ದಿಂಬಿನ ಮ್ಯಾಲೆ ಕುಂದರಬ್ಯಾಡ, ಕುರು ಆಗತಾವ!" ತಲೆ ಇಡುವ ಜಾಗದ ಮರ್ಯಾದೆ ಕಾಯಲು ಹಿರಿಯರಿಗೆ ಕುರುವಿನ ಸಹಾಯ ಬೇಕಾಗಿತ್ತು.

ಆ ಬಿಲ್ಲಿನ ಸದ್ದು ನಿಂತು ಎಷ್ಟೋ ವರ್ಷವಾಯಿತು. ಈಗ ಮಶಿನ್ನಿನಲ್ಲಿ ಹಿಂಜಿ ಕೊಡುತ್ತಾರೆ. ಅದನ್ನೂ ಮಾಡಿಸುವವರು ಕಡಿಮೆ. ಹತ್ತಿ ಬೆಳೆದು ಹೆಸರು ಮಾಡಿದ ಊರಿನಲ್ಲಿ ಜನ ಪಾಲಿಯೆಸ್ಟರ್ ನಾರು ತುಂಬಿದ ದಿಂಬಿನ ಮೇಲೆ ಮಲಗಿ, ಬೆವರಿ, ಫ್ಯಾನಿಗೆ ಬೈಯುತ್ತಾರೆ.

ಲುಲುವಾದವರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದಿಂಬಿಗಿಂತ ಇನ್ನೊಂದು ಸಂಗತಿ. ಅವರ ಅತ್ಯಂತ ಚೆಂದದ ಕೆತ್ತನೆಗಳಲ್ಲಿ ಹಲವು, ಮಕ್ಕಳನ್ನು ಕಳೆದುಕೊಂಡ ಅಥವಾ ಕಳೆದುಕೊಳ್ಳುವ ಭಯವಿರುವ ತಾಯಂದಿರಿಗಾಗಿ ಮಾಡಿದವು. ಕೂಸನ್ನು ಎತ್ತಿಕೊಂಡ ಪುಟ್ಟ ಹೆಣ್ಣು ಬೊಂಬೆ. ಬಸುರಿ, ಬಾಣಂತಿ ಅದನ್ನು ಜೊತೆಗಿಟ್ಟುಕೊಳ್ಳುತ್ತಿದ್ದರು. ನಮ್ಮ ಬಾಣಂತಿ ಕೋಣೆಗೂ ಅದಕ್ಕೂ ಎಷ್ಟು ದೂರ? ನಮ್ಮಲ್ಲಿ ಕೂಸಿನ ತಲೆಯಡಿಗೆ ಸಾಸಿವೆ ತುಂಬಿದ ಪುಟ್ಟ ದಿಂಬು, ತಲೆ ದುಂಡಗಾಗಲೆಂದು. ಸಾಸಿವೆ ಸರಿದಾಡಿ ತಲೆಗೆ ಜಾಗ ಮಾಡಿಕೊಡುತ್ತದೆ, ಒಂದೇ ಮಗ್ಗುಲಿಗೆ ಚಪ್ಪಟೆಯಾಗಗೊಡುವುದಿಲ್ಲ ಎಂದು ಹಿರಿಯರ ವಾದ. ಆ ದಿಂಬಿನ ಅಡಿಗೆ ಅಡಕೊತ್ತು, ಕೂಸು ಬೆಚ್ಚಬಾರದೆಂದು. ಸುತ್ತ ತೊಟ್ಟಿಲು.

ತೊಟ್ಟಿಲೆಂದರೆ ಕಲಘಟಗಿಯದು. ಹುಬ್ಬಳ್ಳಿಯಿಂದ ಕಾರವಾರ ರಸ್ತೆಯಲ್ಲಿ ಹೋದರೆ ಸುಮಾರು ಮೂವತ್ತು ಕಿಲೋಮೀಟರ್. ಸಾಗವಾನಿ ಕಟ್ಟಿಗೆ, ಅರಗು ಬೆರೆಸಿದ ಬಣ್ಣ, ಪಟ್ಟಿಗಳ ಮೇಲೆ ಕೃಷ್ಣನ ಲೀಲೆ, ರಾಮಾಯಣದ ಚಿತ್ರಗಳು. ಅಜ್ಜ ಆಡಿದ ತೊಟ್ಟಿಲಲ್ಲಿ ಮೊಮ್ಮಗ ಆಡುವಾಗಲೂ ಬಣ್ಣ ಹಾಗೇ ಇರುತ್ತದೆ. ತವರಿನವರು ಮಾಡಿಸಿದ್ದು ಓಣಿಯ ಆಸ್ತಿಯಾಗಿ, ಹಡೆದವರ ಮನೆಯಿಂದ ಹಡೆಯುವವರ ಮನೆಗೆ ಎರವಲು ಹೋಗುತ್ತ ಹೋಗುತ್ತ ಕೊನೆಗೆ ಯಾರದೆಂದು ಯಾರಿಗೂ ನೆನಪಿರುವುದಿಲ್ಲ. ನಟ ಅಂಬರೀಶ್ ಅವರು ನಟ ಯಶ್ ದಂಪತಿಯ ಕೂಸಿಗೆಂದು ಇಲ್ಲಿಂದಲೇ ತೊಟ್ಟಿಲು ಮಾಡಿಸಿದ್ದರು. 2018ರ ನವೆಂಬರ್‌ನಲ್ಲಿ ಅಂಬರೀಶ್ ತೀರಿಕೊಂಡ ಮೇಲೆ ಅದು ಆ ಮನೆ ಸೇರಿದ್ದು ಪೇಪರುಗಳಲ್ಲೆಲ್ಲ ಬಂತು. ಆಗ ಕಲಘಟಗಿಯ ಕಡೆ ನಾಲ್ಕು ಜನ ಕಣ್ಣು ಹಾಯಿಸಿದರು. ಈ ಕೆಲಸ ಬಲ್ಲ ಮನೆತನಗಳು ಈಗ ಬೆರಳ ಮೇಲೆ ಎಣಿಸುವಷ್ಟು.

ಅದೇ ಕಲಘಟಗಿಯ ಆಚೆ ಹಳಿಯಾಳ, ಯಲ್ಲಾಪುರದ ಕಾಡಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು, ಅರಬರು ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು. ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಬಹಳ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ, ನಮ್ಮ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳವರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆ ವರ್ಷವೇ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೂ ಹೋದರು. ಸರಪಳಿ ಹಾಕಿ ಹಡಗು ಹತ್ತಿಸಿದಾಗ ಯಾರೂ ದಿಂಬು ತೆಗೆದುಕೊಳ್ಳಲು ಬಿಡುವುದಿಲ್ಲ. ಕೆತ್ತನೆಯ ಕಟ್ಟಿಗೆ ಅಲ್ಲೇ ಉಳಿಯಿತು. ಇಲ್ಲಿಗೆ ಬಂದ ಕೈಗಳು ಹಳೆಯ ಸೀರೆ, ಅಂಗಿ ಚೂರುಗಳನ್ನು ಕೂಡಿಸಿ ಕೌದಿ ಹೊಲಿದವು. ಸಿದ್ದಿ ಹೆಂಗಸರ ಕೌದಿಯ ನಾಲ್ಕು ಮೂಲೆಗೂ ಬಣ್ಣದ ಅರಿವೆ ಮಡಚಿ ಹೊಲಿದ 'ಹೂವು' ಇರಲೇಬೇಕು, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಬಳಸುವ ವಸ್ತು ಬಳಸಲು ಬಂದರೆ ಸಾಲದು, ಒಪ್ಪವಾಗಿಯೂ ಇರಬೇಕೆಂಬ ಆ ಹಟ ಹಡಗಿನಲ್ಲಿ ಮುಳುಗಲಿಲ್ಲ.

ಟೆರ್ವುರೆನ್ ಊರಿಗೆ ಆ ಮ್ಯೂಸಿಯಮ್ ಬಂದ ಬಗೆಯೂ ಅಷ್ಟು ಚೆಂದದ್ದಲ್ಲ. 1897ರಲ್ಲಿ ಬೆಲ್ಜಿಯಮ್ ದೊರೆ ಲಿಯೊಪೋಲ್ಡ್ ಅಲ್ಲಿ ಕಾಂಗೋ ಪ್ರದರ್ಶನ ಮಾಡಿಸಿದ. ವಸ್ತುಗಳ ಜೊತೆಗೆ 267 ಜನ ಕಾಂಗೋದವರನ್ನೂ ತರಿಸಿ ಜನರಿಗೆ ತೋರಿಸಿದ. ಅವರಲ್ಲಿ ಏಳು ಜನ ಅಲ್ಲೇ ಸತ್ತರು. ಗೋರಿಗಳು ಆ ಊರಿನ ಚರ್ಚಿನ ಪಕ್ಕದಲ್ಲಿವೆ. ಅಕ್ಕನ ಮಗ ಆ ಫೋಟೊವನ್ನೂ ಕಳಿಸಿದ್ದ. ಅದರ ಮೇಲೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ಇನ್ನು ನನ್ನ ಕುತ್ತಿಗೆಯ ವಿಷಯಕ್ಕೆ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ಅದು ಹಿಡಿದುಕೊಂಡಿತು. ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಒಬ್ಬ ಡಾಕ್ಟರು ದಿಂಬೇ ಬೇಡ ಅಂದರು. ಇನ್ನೊಬ್ಬರು ದಿಂಬು ಬೇಕು, ಮೆತ್ತನ್ನದು ಬೇಡ ಅಂದರು. ಮೂರನೆಯವರು ಒಂದು ಚೀಟಿಯ ಮೇಲೆ ದಿಂಬಿನ ಚಿತ್ರ ಬರೆದುಕೊಟ್ಟು ಕೊಪ್ಪಿಕರ್ ರಸ್ತೆಯ ಕಡೆ ಕಳಿಸಿದರು. ಅಂಗಡಿಯ ಹುಡುಗ ಗಾಜಿನ ಕಪಾಟಿನಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ ರೀತಿ ನೋಡಿ ನಾನು ಚಪ್ಪಲಿ ಬಿಡಬೇಕೇ ಎಂದು ಯೋಚಿಸಿದೆ.

"ಸರ, ಇದು ಮೆಮರಿ ಫೋಮ್ ನೋಡ್ರಿ. ನಿಮ್ಮ ತಲಿ ಎಲ್ಲಿತ್ತು ಅನ್ನೂದು ಇದಕ್ಕ ನೆನಪಿರತದ."

"ನನಗ ನೆನಪಿಲ್ಲದ್ದು ಇದಕ್ಕ ಯಾಕ ನೆನಪಿರಬೇಕೋ ತಮ್ಮಾ?"

"ಹಂಗಲ್ಲರೀ ಸರ. ನಡುವ ತಗ್ಗು, ಕುತ್ತಿಗಿ ಕಡೆ ಉಬ್ಬು. ತಲಿ ತೇಲತದ, ಕುತ್ತಿಗಿ ಕೂಡತದ. ಪೂರಾ ಸೈಂಟಿಫಿಕ್!"

"ಎಷ್ಟು?"

"ಎರಡೂವರಿ ಸಾವಿರ. ಕವರ್ ಫ್ರೀ."

ನಾನು ಮೊಬೈಲ್ ತೆಗೆದು ಟೆರ್ವುರೆನ್ನಿನ ಫೋಟೊ ತೋರಿಸಿದೆ. ನಡುವೆ ತಗ್ಗು, ಅಂಚಿಗೆ ಏರು. ತಲೆ ತೇಲುತ್ತದೆ, ಕುತ್ತಿಗೆ ಕೂಡುತ್ತದೆ. ಹುಡುಗ ಹಿರಿದು ಮಾಡಿ, ಕಿರಿದು ಮಾಡಿ, ಬಹಳ ಹೊತ್ತು ನೋಡಿದ. "ಕಟ್ಟಿಗೀದ್ರಿ ಇದು! ವಾರಂಟಿ ಎಷ್ಟು ವರ್ಷರೀ ಸರ?" ಎಂದ. ನೂರು ವರ್ಷದ ಮೇಲಾಗಿರಬೇಕು ಅಂದೆ. ನಮ್ಮದು ಮೂರು ವರ್ಷ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ದಿಂಬನ್ನು ತೆಗೆದುಕೊಂಡೆ. ಮೊದಲ ರಾತ್ರಿ ನನ್ನ ತಲೆಯ ತಗ್ಗನ್ನು ಅದು ನಿಜವಾಗಿಯೂ ನೆನಪಿಟ್ಟುಕೊಂಡಿತ್ತು. ಮರುದಿನ ಮೊಮ್ಮಗಳು ಅದರ ಮೇಲೆ ಕೂತು ಹೋಂವರ್ಕ್ ಮಾಡಿದಳು. ಅಂದಿನಿಂದ ಅದು ಅವಳನ್ನೇ ನೆನಪಿಟ್ಟುಕೊಂಡಿದೆ.

ನನಗೆ ಅನ್ನಿಸುವುದು ಇಷ್ಟು. ಹುಟ್ಟಿದ ತಲೆಗೆ ಇಷ್ಟೆಲ್ಲ ಮರ್ಯಾದೆ ಮಾಡುವ ನಾವು, ಸಾಗವಾನಿ ಕಡೆದು ರಾಮಾಯಣ ಬರೆಯುವ ನಾವು, ಕೂಸು ತೊಟ್ಟಿಲು ಇಳಿದ ಮೇಲೆ ಅದರ ತಲೆಯನ್ನು ಪೂರ್ತಿ ಮರೆತುಬಿಡುತ್ತೇವೆ. ಆಮೇಲೆ ಅದು ಚೀಲವೋ, ಸೂಟ್‌ಕೇಸೋ, ಬಸ್ಸಿನ ಕಿಟಕಿಯ ಸರಳೋ ಸಿಕ್ಕಿದ್ದಕ್ಕೆ ಆನಿಸಿಕೊಳ್ಳಬೇಕು. ಲುಲುವಾದವರು ದೊಡ್ಡವರ ತಲೆಗೂ ಉಳಿ ಹಿಡಿದರು. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಹತ್ತಿ ನಮ್ಮ ಕಣ್ಣು ಕಟ್ಟಿತು.

ಆದ್ದರಿಂದ ಕಲಘಟಗಿಯ ಬಡಗಿಗಳಲ್ಲಿ ಮತ್ತು ಚಿತ್ರಗಾರರಲ್ಲಿ ನನ್ನದೊಂದು ಅರಿಕೆ. ತೊಟ್ಟಿಲು ಮಾಡಿ ಉಳಿದ ಸಾಗವಾನಿಯ ತುಂಡೊಂದು ಸಾಕು. ಗೇಣೆತ್ತರ, ನಡುವೆ ತಗ್ಗು, ಅಂಚುಗಳು ನುಣುಪಾಗಿರಲಿ. ಬಣ್ಣ ನಿಮ್ಮ ಅರಗಿನದೇ ಇರಲಿ. ಚಿತ್ರ ಯಾವುದು ಎಂದು ಕೇಳಿದರೆ, ಬಾಣ ನೆಡುವ ಅರ್ಜುನ ಬೇಡ. ಎರಡು ನವಿಲು ಬರೆದರೆ ಆದೀತು. ಮುಂಗಡ ಕೊಡಲು ತಯಾರಿದ್ದೇನೆ, ಚೌಕಾಶಿ ಮಾಡುವುದಿಲ್ಲ.